ಹಳೆಯ ಕಡತಗಳ ಸಾಮಾನ್ಯ ಪರಿಚಯ, ಪರೀಕ್ಷೆ ಇಲ್ಲ

ದೇವರು ಒಬ್ಬೊಬ್ಬರಿಗೆ ಒಂದೊಂದು ಜಾಗ ಬರೆದಿಟ್ಟಿರುತ್ತಾನೆ. ಕೆಲವರಿಗೆ ವೇದಿಕೆ, ಕೆಲವರಿಗೆ ಹೆದ್ದಾರಿ, ಕೆಲವರಿಗೆ ಇಡೀ ಭೂಮಂಡಲವೇ ಸಾಲದು. ನಮ್ಮ ಕಡತಣ್ಣನಿಗೆ ಅವನು ಬರೆದಿಟ್ಟದ್ದು ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯದ ಹಿಂಬದಿಯ ಕೋಣೆ. ನೆಲಮಹಡಿ, ಸೈಕಲ್ ನಿಲ್ಲಿಸುವ ಜಾಗದ ಪಕ್ಕ. ಕಿಟಕಿ ಒಂದು, ಫ್ಯಾನು ಒಂದು. ಫ್ಯಾನು ತಿರುಗುವಾಗ ಸದ್ದು ಮಾಡುತ್ತಿತ್ತು, ಸದ್ದು ಮಾಡುವಾಗೆಲ್ಲ ತಿರುಗುತ್ತಿತ್ತೆಂದು ಹೇಳಲಾಗದು. ಉಳಿದದ್ದೆಲ್ಲ ಕಬ್ಬಿಣದ ಕಪಾಟು. ಆ ವಿಶ್ವವಿದ್ಯಾಲಯ ಬರೀ ಕಾಲೇಜಾಗಿದ್ದ ಕಾಲದಿಂದ ಅಲ್ಲಿ ಓದಿದವರೆಲ್ಲರ ಪ್ರವೇಶ ಅರ್ಜಿ, ಹಾಜರಿ, ಅಂಕಪಟ್ಟಿ, ರಜೆಚೀಟಿ, ಕ್ಷಮಾಪಣೆ ಪತ್ರಗಳೆಲ್ಲ ದಾರ ಕಟ್ಟಿಸಿಕೊಂಡು, ಬೆನ್ನ ಮೇಲೆ ಸಂಖ್ಯೆ ಬರೆಸಿಕೊಂಡು, ಆ ಕಪಾಟುಗಳಲ್ಲಿ ನೆಮ್ಮದಿಯಾಗಿ ಮಲಗಿದ್ದವು.

ಕಡತಣ್ಣ ಅವುಗಳ ಕಾವಲಿಗಿದ್ದ ಗುಮಾಸ್ತ. ಇಪ್ಪತ್ತಾರು ವರ್ಷದ ಸೇವೆ, ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿತ್ತು. ಕರೆಯುವವರಿಲ್ಲದೆ ಅದು ಅಲ್ಲೇ ಉಳಿದುಬಿಟ್ಟಿತ್ತು.

ಇಂಥ ಕೋಣೆಗೆ ಒಂದು ಗುರುವಾರ ಹೊಸ ಉಪಕುಲಸಚಿವರು ಬಂದರು. ಕಚೇರಿ, ಕಟ್ಟಡ, ಮೇಜು, ಕುರ್ಚಿ ಎಲ್ಲ ಅವರ ಉಸ್ತುವಾರಿ. ಸದಾ ಕೈಯಲ್ಲೊಂದು ಅಳತೆಯ ಟೇಪು ಹಿಡಿದೇ ಓಡಾಡುತ್ತಿದ್ದರಿಂದ ಬಂದ ವಾರದಲ್ಲೇ ಅವರಿಗೆ ಅಳತೆ ಸಾಹೇಬರು ಎಂದು ಹೆಸರು ಬಿದ್ದಿತ್ತು. ಅವರು ಕೋಣೆಯ ಉದ್ದ ಅಳೆದರು, ಅಗಲ ಅಳೆದರು, ಕಡತಣ್ಣನ ಊಟದ ಡಬ್ಬಿ ಇಟ್ಟಿದ್ದ ಸ್ಟೂಲನ್ನೂ ಅಳೆದರು.

"ಇಲ್ಲಿ ಯಾವ ಪಾಠ ನಡೆಯುತ್ತೆ?"

"ಪಾಠ ಏನಿಲ್ಲ ಸಾರ್. ಕಡತ."

"ಪಾಠ ನಡೆಯದೇ ಇರೋ ಕೋಣೆ ವಿಶ್ವವಿದ್ಯಾಲಯದಲ್ಲಿ ಯಾಕಿರಬೇಕು?"

ಪಾಠ ನಡೆಯದ ಕೋಣೆಗಳಲ್ಲಿ ತಮ್ಮ ಕೋಣೆಯೂ ಒಂದು ಸಾರ್ ಎಂಬ ಒಳ್ಳೆಯ ಉತ್ತರವೊಂದಿತ್ತು. ಆದರೆ ಕಡತಣ್ಣನಿಗೆ ಒಳ್ಳೆಯ ಉತ್ತರಗಳು ಹೊಳೆಯುತ್ತಿದ್ದದ್ದು ಪ್ರಶ್ನೆ ಕೇಳಿದವರು ಹೊರಟುಹೋದ ಮೇಲೆ.

"ಸೋಮವಾರ ವೇಳಾಪಟ್ಟಿ ಅಚ್ಚಾಗುತ್ತೆ. ಅದರಲ್ಲಿ ಯಾವ ಕೋಣೆ ಮುಂದೆ ಪಾಠ ಇಲ್ವೋ ಆ ಕೋಣೆ ಖಾಲಿ. ಈ ಕಾಗದ ಎಲ್ಲ ಕಾರ್ಖಾನೆಗೆ. ಅರೆದು ರಟ್ಟು ಮಾಡ್ತಾರೆ."

"ಮತ್ತೆ ನಾನು ಸಾರ್?"

"ನೀವೇನು?"

"ಕಡತ ಹೋದ್ಮೇಲೆ ನಾನು?"

"ಕಡತಾನೇ ಇಲ್ಲ ಅಂದ್ಮೇಲೆ ಕಡತ ನೋಡಿಕೊಳ್ಳೋ ಹುದ್ದೆ ಯಾಕ್ರೀ?" ಎಂದು ಸಾಹೇಬರು ಟೇಪನ್ನು ಚಟಕ್ಕನೆ ಒಳಗೆ ಬಿಟ್ಟುಕೊಂಡು ಹೊರಟುಹೋದರು.

ಕಡತಣ್ಣ ಅಳೆಸಿಕೊಂಡ ಸ್ಟೂಲನ್ನು ಮತ್ತೆ ಅದರ ಜಾಗಕ್ಕೆ ಸರಿಸಿದ. ಐವತ್ತಾರನೆಯ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ದಾರ ಕಟ್ಟುವುದು, ದೂಳು ಹೊಡೆಯುವುದು, ಕೇಳಿದ ಕಡತವನ್ನು ಎರಡು ನಿಮಿಷದಲ್ಲಿ ತೆಗೆದು ಕೊಡುವುದು, ಇವಿಷ್ಟು ಬಿಟ್ಟು ಅವನಿಗೆ ಬೇರೇನೂ ಬಾರದು. ಎರಡು ದಿನ ಯೋಚಿಸಿದ, ದೇವರಿಗೆ ಕೈ ಮುಗಿದ, ಮತ್ತೆ ಯೋಚಿಸಿದ. ಮಂಕಾದ ಮನುಷ್ಯರಿಗೆ ಉಪಾಯ ಹೊಳೆಯುವುದಿಲ್ಲವೆಂದು ತಿಳಿಯಬಾರದು. ಹೊಳೆಯುತ್ತದೆ. ಅದೇ ಅಪಾಯ.

ಶನಿವಾರ ಮಧ್ಯಾಹ್ನ ಅವನು ವೇಳಾಪಟ್ಟಿ ತಯಾರಿಸುವ ಮೇಡಂ ಹತ್ತಿರ ಹೋಗಿ ನಿಂತ. ಆಕೆ ಕಂಪ್ಯೂಟರಿನ ಮುಂದೆ ಬೆಳಗಿನಿಂದ ಕೂತು ಬಿಸಿಯಾಗಿದ್ದರು.

"ಅಮ್ಮಾ, ನನ್ನ ಕೋಣೆ ಮುಂದೆ ಒಂದು ಪಾಠ ಹಾಕಬೇಕಿತ್ತು."

"ಯಾವ ಪಾಠ ಅಣ್ಣಾ? ಬೇಗ ಹೇಳಿ."

ಕಡತಣ್ಣ ದಾರಿಯುದ್ದಕ್ಕೂ ಹೆಸರು ಯೋಚಿಸಿಕೊಂಡೇ ಬಂದಿದ್ದ. ಯಾರೂ ಸೇರಬಾರದು, ನೊಣವೂ ಬಂದು ಕೂರಬಾರದು, ಅಷ್ಟು ಒಣ ಹೆಸರಾಗಬೇಕು. "ಹಳೆಯ ಕಡತಗಳ ಸಾಮಾನ್ಯ ಪರಿಚಯ," ಎಂದ.

"ಯಾವತ್ತು?"

"ಬುಧವಾರ, ಮಧ್ಯಾಹ್ನ ಎರಡು ಗಂಟೆ." ಊಟವಾದ ಮೇಲೆ ವಿದ್ಯಾರ್ಥಿಗಳು ಬದುಕಿರುವುದೇ ಕಡಿಮೆ ಎಂಬುದು ಅವನ ಲೆಕ್ಕ.

"ಪರೀಕ್ಷೆ ಎಷ್ಟು?"

ಪಾಠವೇ ಇಲ್ಲದ ಪಾಠಕ್ಕೆ ಪರೀಕ್ಷೆ ಎಷ್ಟು! ಕಡತಣ್ಣ ಸತ್ಯವಂತ. "ಸೊನ್ನೆ," ಎಂದ.

"ಪಾಠ ಮಾಡೋರು?"

"ಯಾರದ್ದಾದ್ರೂ ಒಂದು ಹೆಸರು ಹಾಕಮ್ಮ."

"ಯಾರದ್ದೋ ಹಾಕಿದ್ರೆ ಅವರು ನನ್ನನ್ನ ಸುಮ್ನೆ ಬಿಡ್ತಾರಾ? ನಿಮ್ಮದೇ ಹಾಕ್ತೀನಿ ಹೋಗಿ," ಎಂದು ಮೇಡಂ ಒಂದು ಗುಂಡಿ ಒತ್ತಿದರು. ಕಂಪ್ಯೂಟರು ಬೇರೇನೂ ಕೇಳಲಿಲ್ಲ.

ಆ ಸಂಜೆ ಕಡತಣ್ಣ ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ತಾನಾಗಿ ನಮಸ್ಕಾರ ಹೇಳಿದ.

ಈಗ ಆ ವಿಶ್ವವಿದ್ಯಾಲಯದ ಒಂದು ಪದ್ಧತಿಯನ್ನು ಹೇಳಬೇಕು. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ವಿಭಾಗದ್ದಲ್ಲದ ಒಂದು ವಿಷಯವನ್ನು ವರ್ಷಕ್ಕೊಂದು ಸಲ ಆರಿಸಿಕೊಳ್ಳಬೇಕು. ಜ್ಞಾನ ವಿಶಾಲವಾಗಲಿ ಎಂದು ಹಿರಿಯರು ಮಾಡಿದ ನಿಯಮ. ವಿದ್ಯಾರ್ಥಿಗಳು ಪಟ್ಟಿಯನ್ನು ಹೇಗೆ ಓದುತ್ತಾರೆಂಬುದು ಆ ಹಿರಿಯರಿಗೆ ತಿಳಿದಿರಲಿಲ್ಲ. ಹುಡುಗರು ವಿಷಯದ ಹೆಸರನ್ನು ಓದುವುದೇ ಇಲ್ಲ. ಪಟ್ಟಿಯ ಬಲತುದಿಯಲ್ಲಿ ಪರೀಕ್ಷೆಗಳ ಸಂಖ್ಯೆ ಇರುತ್ತದಲ್ಲ, ಅಲ್ಲಿಂದ ಶುರುಮಾಡುತ್ತಾರೆ. ಮೂರು, ಮೂರು, ಎರಡು, ನಾಲ್ಕು, ಮೂರು, ಸೊನ್ನೆ.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನೋಂದಣಿ ತೆರೆಯಿತು. ಹತ್ತೂಕಾಲಿಗೆ ಕಡತಣ್ಣನ ಪಾಠಕ್ಕೆ ಹನ್ನೊಂದು ಜನ. ಹತ್ತೂವರೆಗೆ ನಲವತ್ತು. ಅರವತ್ತಮೂರಕ್ಕೆ ಕಂಪ್ಯೂಟರೇ ಇನ್ನು ಸಾಕು ಎಂದು ಬಾಗಿಲು ಹಾಕಿಕೊಂಡಿತು. ಆಮೇಲೂ ಇಪ್ಪತ್ತು ಜನ ತಮ್ಮನ್ನು ಸೇರಿಸಿಕೊಳ್ಳಬೇಕೆಂದು ಅರ್ಜಿ ಬರೆದುಕೊಟ್ಟರು. ಆ ಅರ್ಜಿಗಳನ್ನು ಕಡತಕ್ಕೆ ಹಾಕಲು ಕಡತಣ್ಣನಿಗೇ ಕಳಿಸಿಕೊಟ್ಟರು.

ಅವನು ಅವುಗಳನ್ನು ಓದಿ ಮುಗಿಸುವಷ್ಟರಲ್ಲಿ ಅಳತೆ ಸಾಹೇಬರು ಎರಡೂ ಕೈ ಚಾಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಅಭಿನಂದನೆ! ಈ ವರ್ಷ ಎಲ್ಲಕ್ಕಿಂತ ಹೆಚ್ಚು ಜನ ನಿಮ್ಮ ವಿಷಯಕ್ಕೆ!"

ಸಿಕ್ಕಿಬಿದ್ದೆ, ಈಗಲೇ ಹೇಳಿಬಿಡೋಣ ಎಂದುಕೊಂಡ ಕಡತಣ್ಣ. "ಸಾರ್, ಅದು ಏನಾಯ್ತು ಅಂದ್ರೆ, ನಾನು ಸುಮ್ನೆ ಒಂದು ಹೆಸರು ಕೊಟ್ಟಿದ್ದು..."

"ಸುಮ್ನೆ! ನೋಡಿ, ಎಷ್ಟು ಸರಳವಾಗಿ ಹೇಳ್ತಾರೆ. ನಮ್ಮ ಭೌತಶಾಸ್ತ್ರದವರು ಎರಡು ವರ್ಷ ತಲೆ ಕೆಡಿಸಿಕೊಂಡು ಒಂದು ವಿಷಯ ತಂದ್ರು. ಸೇರಿದ್ದು ನಾಲ್ಕು ಜನ. ಅದರಲ್ಲಿ ಇಬ್ಬರು ದಾರಿ ತಪ್ಪಿ ಬಂದೋರು."

"ಹಾಗಲ್ಲ ಸಾರ್, ನನಗೆ ಪಾಠ ಅಂದ್ರೆ ಏನೂ ಗೊತ್ತಿಲ್ಲ."

"ನಿಜವಾದ ವಿದ್ವಾಂಸರು ಎಲ್ಲರೂ ಇದನ್ನೇ ಹೇಳ್ತಾರೆ," ಎಂದು ಸಾಹೇಬರು ಟೇಪನ್ನು ಎಳೆದರು. "ಆದರೆ ಅರವತ್ತಮೂರು ಜನ ಇಲ್ಲಿ ಹಿಡಿಸಲ್ಲ. ನಿಮ್ಮ ಪಾಠ ಮೇಲಿನ ಸಭಾಂಗಣಕ್ಕೆ ಹಾಕಿಸ್ತೀನಿ. ಈ ಕೋಣೆ ಖಾಲಿ ಮಾಡಿಸೋಣ."

ಯಾವ ಕೋಣೆಗಾಗಿ ಕಡತಣ್ಣ ಇಷ್ಟೆಲ್ಲ ಮಾಡಿದನೋ ಆ ಕೋಣೆಯೇ ಹೋಗುತ್ತಿದೆ! ಜೀವಮಾನದಲ್ಲಿ ಮೊದಲ ಸಲ ಒಳ್ಳೆಯ ಉತ್ತರವೊಂದು ಸಮಯಕ್ಕೆ ಸರಿಯಾಗಿ ಬಾಯಿಗೆ ಬಂತು. "ಕಡತ ಎದುರಿಗೆ ಇಲ್ದೆ ಕಡತದ ಪಾಠ ಹೇಗೆ ಸಾರ್ ಮಾಡೋದು?"

ಸಾಹೇಬರು ನಿಂತಲ್ಲೇ ನಿಂತರು. ಟೇಪು ಕೈಯಿಂದ ಜಾರಿತು.

"ಅಂದ್ರೆ ಇದು ಪ್ರಯೋಗಾಲಯ!"

ಸಂಜೆಯೊಳಗೆ ಬಾಗಿಲ ಮೇಲೆ ಬೋರ್ಡು ಬಂತು: ಕಡತ ಪ್ರಯೋಗಾಲಯ. ಚಪ್ಪಲಿ ಹೊರಗೆ ಬಿಡಿ.

ಸುದ್ದಿ ಕಡತಣ್ಣನಿಗಿಂತ ಮೊದಲೇ ಮನೆ ಮುಟ್ಟಿತ್ತು. ಅವನ ಬೀದಿಯಲ್ಲಿ ಎದುರುಮನೆಯವನು ದರ್ಜಿ, ಅವನ ಮಗಳು ಅರವತ್ತಮೂರರಲ್ಲಿ ಒಬ್ಬಳು. ಕಡತಣ್ಣ ಗೇಟು ತೆಗೆಯುವಾಗ ದರ್ಜಿ ಅಂಗಡಿಯಿಂದ ಇಳಿದು ಓಡಿಬಂದ.

"ಏನ್ ಪ್ರೊಫೆಸರೇ! ಇಪ್ಪತ್ತು ವರ್ಷ ಎದುರಿಗೇ ಇದ್ರೂ ಒಂದು ಮಾತು ಹೇಳ್ಲಿಲ್ವಲ್ಲ! ಈ ಅಂಗಿ ಹಾಕ್ಕೊಂಡು ಪಾಠಕ್ಕೆ ಹೋಗ್ತೀರಾ? ನನ್ನ ಮಾನ ಏನಾಗಬೇಕು?"

ಯಾರೋ ಹೊಲಿಸಿ ಮೂರು ವರ್ಷವಾದರೂ ತೆಗೆದುಕೊಂಡು ಹೋಗದ ಕೋಟೊಂದು ಅವನ ಅಂಗಡಿಯಲ್ಲಿ ತೂಗಾಡುತ್ತಿತ್ತು. ಅದನ್ನು ತಂದು ಬೀದಿಯಲ್ಲೇ ತೊಡಿಸಿದ. ಆ ಯಾರೋ ಪುಣ್ಯಾತ್ಮ ಕಡತಣ್ಣನ ಎರಡರಷ್ಟಿದ್ದಿರಬೇಕು.

"ಭುಜದ ಹತ್ರ ಸ್ವಲ್ಪ ಸಡಿಲ," ಎಂದ ದರ್ಜಿ, ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತ. "ವಿದ್ಯೆ ಬೆಳೀತಾ ಬೆಳೀತಾ ಸರಿಹೋಗುತ್ತೆ."

ಒಳಗೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಏನ್ರೀ ಇದು? ನಾನು ಬೀದಿಯವರ ಬಾಯಲ್ಲಿ ಕೇಳಬೇಕಾ?"

ಕಡತಣ್ಣ ಎಲ್ಲವನ್ನೂ ಹೇಳಿದ. ಆಕೆ ಕೊನೆಯವರೆಗೂ ಕೇಳಿ, ಕುರ್ಚಿಯಲ್ಲಿ ಕುಳಿತುಬಿಟ್ಟಳು.

"ಅಯ್ಯೋ ದೇವರೇ. ಮನೇಲಿ ಒಂದು ವಾಕ್ಯ ಪೂರ್ತಿ ಮಾಡಿದ್ದು ನಾನು ಕಂಡಿಲ್ಲ. ಒಂದು ಗಂಟೆ ನಿಂತ್ಕೊಂಡು ಏನ್ ಮಾತಾಡ್ತೀರಿ?"

"ಅದೇ ನೋಡು," ಎಂದ ಕಡತಣ್ಣ.

"ನಿಜ ಹೇಳಿಬಿಡಿ ಅವರಿಗೆ."

"ಹೇಳಿದೆ ಕಣೇ. ವಿನಯ ಅಂದ್ಕೊಂಡ್ರು."

ಅಲ್ಲಿಂದ ಮುಂದೆ ಅವರ ಮನೆ ಮನೆಯಾಗಿ ಉಳಿಯಲಿಲ್ಲ. ಬಸ್ ಕಂಡಕ್ಟರನಾಗಿದ್ದ ಭಾವಮೈದ ಫೋನು ಮಾಡಿ, "ಭಾವ, ನಮ್ಮ ಬಸ್ಸಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ, ನೀವು ನನ್ನ ಮಾನ ಕಳೀಬಾರದು," ಎಂದು ಎಚ್ಚರಿಸಿದ. ಅಕ್ಕಪಕ್ಕದವರು ಮಕ್ಕಳ ಹೋಂವರ್ಕು ತಂದು ಜಗಲಿಯಲ್ಲಿಟ್ಟು ಹೋಗತೊಡಗಿದರು. ಬೀದಿಯ ಚರಂಡಿ ಕಟ್ಟಿಕೊಂಡಾಗ ನಾಲ್ಕು ಜನ ಸೇರಿ, ಪ್ರೊಫೆಸರು ಏನಂತಾರೋ ಕೇಳಿ ಆಮೇಲೆ ತೆಗೆಸೋಣ ಎಂದು ತೀರ್ಮಾನಿಸಿದರು. ಪ್ರೊಫೆಸರು ಬಗ್ಗಿ ನೋಡಿ, "ಕಟ್ಟಿಕೊಂಡಿದೆ," ಎಂದರು. ಎಷ್ಟು ಖಚಿತವಾದ ಮಾತು ಎಂದು ಎಲ್ಲರೂ ತಲೆದೂಗಿದರು.

ಮೊದಲ ಬುಧವಾರ ಬಂದೇ ಬಂತು. ಅರವತ್ತಮೂರು ಜನ ಚಪ್ಪಲಿ ಹೊರಗೆ ಬಿಟ್ಟು, ಕಪಾಟುಗಳ ನಡುವೆ, ಕಿಟಕಿಯ ಮೇಲೆ, ಒಬ್ಬರ ಮೊಣಕಾಲಿಗೆ ಒಬ್ಬರು ಒರಗಿ ಕುಳಿತರು. ಕಡತಣ್ಣ ಕೋಟಿನೊಳಗೆ ಎಲ್ಲೋ ಇದ್ದ. ದೇವರನ್ನು ನೆನೆದು ಹಾಜರಿ ಕರೆದ. ಒಂದೊಂದು ಹೆಸರನ್ನೂ ನಿಧಾನವಾಗಿ, ಕಾಗುಣಿತ ಕೇಳಿ, ತಂದೆಯ ಹೆಸರು ಕೇಳಿ, ಬರೆದುಕೊಂಡ. ನಲವತ್ತು ನಿಮಿಷವಾಯಿತು. ತಪ್ಪಾಗಿರಬಾರದೆಂದು ಇನ್ನೊಮ್ಮೆ ಕರೆದ. ಗಂಟೆ ಹೊಡೆಯಿತು. ಇಷ್ಟು ನೆಮ್ಮದಿಯ ಪಾಠವನ್ನು ತಾವು ಎಲ್ಲೂ ಕೇಳಿಲ್ಲ ಎಂದು ವಿದ್ಯಾರ್ಥಿಗಳು ಹೇಳಿಕೊಂಡರು.

ಎರಡನೇ ವಾರ ಅವನು ದೂಳು ಹೊಡೆಯುವುದನ್ನು ಹೇಳಿಕೊಟ್ಟ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕಲ್ಲ. ಮೂರನೇ ವಾರ ದಾರ ಕಟ್ಟುವುದು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ, ಆದರೆ ತಾನಾಗಿ ಬಿಚ್ಚಿಕೊಳ್ಳದ ಗಂಟು. ಅರವತ್ತಮೂರು ಜನ ನಾಲಿಗೆ ಕಚ್ಚಿಕೊಂಡು ಗಂಟು ಹಾಕುತ್ತಿದ್ದರು. ಕಡತಣ್ಣನಿಗೆ ಒಂದು ಕ್ಷಣ ಎಲ್ಲವೂ ಸರಿಹೋಯಿತೇನೋ ಅನ್ನಿಸಿತು.

ಅಷ್ಟರಲ್ಲಿ ಹಿಂದಿನ ಸಾಲಿನ ಉದ್ದನೆಯ ಹುಡುಗನೊಬ್ಬ ಕೂಗಿದ. "ಸಾರ್! ಇದು ನಮ್ಮಪ್ಪನ ಕಡತ!"

ಅವನ ಅಪ್ಪನೂ ಅಲ್ಲೇ ಓದಿದವರು. ಮನೆಯಲ್ಲಿ ದಿನಾ ಊಟಕ್ಕೆ ಕೂತಾಗ, "ನಮ್ಮ ಕಾಲದಲ್ಲಿ ಗಣಿತ ಅಂದ್ರೆ ನಾನು, ನಾನು ಅಂದ್ರೆ ಗಣಿತ," ಎನ್ನುವವರು. ಕಡತದಲ್ಲಿ ಗಣಿತ ಮೂರು ಸಲ ಕೆಂಪು ಶಾಯಿಯಲ್ಲಿತ್ತು. ಹುಡುಗ ಮನೆಗೆ ಹೋಗಿ ಏನೂ ಹೇಳಲಿಲ್ಲ. ಆ ರಾತ್ರಿ ಊಟದಲ್ಲಿ ಅಪ್ಪ ಗಣಿತವನ್ನು ಎತ್ತಿದಾಗ, "ಕಡತ ಸಂಖ್ಯೆ ನಾನೂರ ಹನ್ನೆರಡು," ಎಂದಷ್ಟೇ ಅಂದು ನೀರು ಕುಡಿದನಂತೆ. ಅಂದಿನಿಂದ ಆ ಮನೆಯಲ್ಲಿ ಊಟ ಬಹಳ ಶಾಂತವಾಗಿ ನಡೆಯುತ್ತಿತ್ತು.

ಮುಂದಿನ ವಾರದಿಂದ ಅರವತ್ತಮೂರೂ ಜನ ತಮ್ಮ ತಮ್ಮ ಅಪ್ಪ, ಚಿಕ್ಕಮ್ಮ, ಸೋದರಮಾವಂದಿರನ್ನು ಹುಡುಕತೊಡಗಿದರು. ಕಡತಣ್ಣ, "ಓದಬಾರದು ಕಣ್ರಪ್ಪ, ಬರೀ ಕಟ್ಟಿ, ಓದಬೇಡಿ!" ಎಂದು ಗೋಗರೆಯುತ್ತ ಒಂದು ಕಪಾಟಿನಿಂದ ಇನ್ನೊಂದಕ್ಕೆ ಓಡಾಡಿದ. ಆಸಕ್ತಿ ಹೀಗೆ ಉಕ್ಕಿ ಹರಿಯುವ ತರಗತಿ ಮತ್ತೊಂದಿಲ್ಲವೆಂದು ಅಳತೆ ಸಾಹೇಬರು ಕಿಟಕಿಯಿಂದ ನೋಡಿ ಕುಲಪತಿಗಳಿಗೆ ವರದಿ ಮಾಡಿದರು.

ಅದರ ಫಲ ಬೇಗನೆ ಬಂತು. ಐದು ವರ್ಷಕ್ಕೊಮ್ಮೆ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡುವ ಪರಿಶೀಲನಾ ಸಮಿತಿ ಬರುವುದಿತ್ತು. ಮೂರು ಜನ. ಅಧ್ಯಕ್ಷೆ ಬೆಳ್ಳಿಕೂದಲಿನ ಒಬ್ಬ ಹಿರಿಯ ಪ್ರಾಧ್ಯಾಪಕಿ. ಅವರು ನಕ್ಕಿದ್ದನ್ನು ಕಂಡವರು ನಿವೃತ್ತರಾಗಿದ್ದಾರೆ ಎಂದು ಪ್ರತೀತಿ. ಸಮಿತಿಗೆ ಒಂದು ತರಗತಿ ತೋರಿಸಬೇಕು. ಕುಲಪತಿಗಳು ಹೆಚ್ಚು ಜನರಿರುವ ತರಗತಿಯನ್ನೇ ಆರಿಸಿದರು.

ಸುದ್ದಿ ಕೇಳಿ ಕಡತಣ್ಣ ಕುಲಪತಿಗಳ ಕೋಣೆಗೆ ಓಡಿದ. "ಸಾರ್, ಒಂದು ವಿಷಯ ಹೇಳಬೇಕು. ಈ ಪಾಠ..."

"ಬುಧವಾರ ಹೇಳಿ. ಸಮಿತಿ ಮುಂದೆ ಹೇಳಿ," ಎಂದರು ಕುಲಪತಿಗಳು, ಭುಜ ತಟ್ಟಿ. ಕೈ ಬರೀ ಕೋಟಿಗೆ ತಗುಲಿತು.

ಬುಧವಾರ ಎರಡು ಗಂಟೆಗೆ ಸಮಿತಿಯ ಮೂವರೂ, ಕುಲಪತಿಗಳೂ, ಅಳತೆ ಸಾಹೇಬರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅವರಿಗಾಗಿ ಐದು ಕುರ್ಚಿ ಹಾಕಿದ್ದರಿಂದ ಹನ್ನೆರಡು ವಿದ್ಯಾರ್ಥಿಗಳು ಕಪಾಟಿನ ಮೇಲೇರಿದ್ದರು. ಕಡತಣ್ಣ ಹಾಜರಿ ಕರೆಯಲು ಪುಸ್ತಕ ತೆಗೆದ. ಅಧ್ಯಕ್ಷೆ ಕೈಯೆತ್ತಿ ತಡೆದರು.

"ಹಾಜರಿ ಇರಲಿ. ಈ ವಿಷಯದಿಂದ ಏನು ಪ್ರಯೋಜನ? ಅದನ್ನು ಮೊದಲು ಹೇಳಿ."

ಕಡತಣ್ಣ ಹಾಜರಿ ಪುಸ್ತಕ ಮುಚ್ಚಿದ. ಫ್ಯಾನು ಒಂದು ಸಲ ಕೆಮ್ಮಿತು. ಈಗ ಹೇಳದಿದ್ದರೆ ಕೆಲಸ ಹೋಗುತ್ತದೆ, ಹೇಳಿದರೂ ಹೋಗುತ್ತದೆ. "ಮೇಡಂ, ನಿಜ ಹೇಳಬೇಕು ಅಂದ್ರೆ..." ಎಂದು ಶುರುಮಾಡಿದ.

ಅವನು ತಡವರಿಸುತ್ತಿರುವುದನ್ನು ನೋಡಿ ಕುಲಪತಿಗಳು ನೆರವಿಗೆ ಧಾವಿಸಿದರು. ಇದೊಂದು ಅವರು ಮಾಡಬಾರದಿತ್ತು.

"ನಾನು ಹೇಳ್ತೀನಿ ಮೇಡಂ. ನಾನೂ ಇಲ್ಲೇ ಓದಿದವನು. ಮೊದಲನೇ ತಂಡ. ನಮ್ಮಲ್ಲಿ ಶಿಸ್ತು ಅಂದ್ರೆ ಹೇಗಿತ್ತು ಅಂತೀರಿ? ಮೂರು ವರ್ಷದಲ್ಲಿ ಕಾರಣ ಇಲ್ಲದೆ ನಾನು ಒಂದು ದಿನ ತರಗತಿ ತಪ್ಪಿಸಿಲ್ಲ. ಅದಕ್ಕೆಲ್ಲ ಈ ಕಡತಗಳೇ ಸಾಕ್ಷಿ."

"ಬಹಳ ಒಳ್ಳೆಯದು," ಎಂದರು ಅಧ್ಯಕ್ಷೆ. "ಹಾಗಾದ್ರೆ ಇವರದ್ದೇ ತೆಗೀರಿ. ನಿಮ್ಮ ಪ್ರಯೋಗ ನೋಡೋಣ."

ಕಡತ ಕೇಳಿದರೆ ಕಡತಣ್ಣನಿಗೆ ಯೋಚನೆ ಬೇಡ, ಕೈಯೇ ಹೋಗುತ್ತದೆ. ಎಡಗಡೆ ಎರಡನೇ ಕಪಾಟು, ಕೆಳಗಿನ ಸಾಲು. ಎರಡು ನಿಮಿಷವೂ ಆಗಲಿಲ್ಲ. ಸಮಿತಿಯ ಒಬ್ಬ ಸದಸ್ಯರು ಗಡಿಯಾರ ನೋಡಿಕೊಂಡು ಏನೋ ಬರೆದುಕೊಂಡರು. ಕಡತಣ್ಣ ದಾರ ಎಳೆದ. ಹಾಳೆ ತೆರೆದ ಮೇಲಷ್ಟೇ ಅವನಿಗೆ ಆ ಕಡತದಲ್ಲಿ ಏನಿದೆ ಎಂಬುದು ನೆನಪಾದದ್ದು.

"ಗಟ್ಟಿಯಾಗಿ ಓದಿ," ಎಂದರು ಅಧ್ಯಕ್ಷೆ.

"ರಜೆಚೀಟಿ," ಎಂದು ಓದಿದ ಕಡತಣ್ಣ, ಬೆವರೊರೆಸಿಕೊಳ್ಳುತ್ತ. "ನನ್ನ ಅಜ್ಜಿ ತೀರಿಕೊಂಡಿರುವುದರಿಂದ ಮೂರು ದಿನ ರಜೆ ಕೊಡಬೇಕಾಗಿ ಪ್ರಾರ್ಥನೆ."

ಎಲ್ಲರೂ ಕುಲಪತಿಗಳನ್ನು ಮರುಕದಿಂದ ನೋಡಿದರು. ಕುಲಪತಿಗಳು ತಲೆ ತಗ್ಗಿಸಿದರು. ಅವರು ತಗ್ಗಿಸಿದ ರೀತಿ ದುಃಖದ್ದಾಗಿರಲಿಲ್ಲ.

"ಮುಂದೆ."

"ನನ್ನ ಅಜ್ಜಿ ತೀರಿಕೊಂಡಿರುವುದರಿಂದ ನಾಲ್ಕು ದಿನ..." ಕಡತಣ್ಣ ಸಮಿತಿಯನ್ನು ನೋಡಿ ಅವಸರದಿಂದ ಸೇರಿಸಿದ. "ಇದು ತಾಯಿ ಕಡೆಯವರು ಇರಬೇಕು ಮೇಡಂ."

"ಇರಬಹುದು. ಎಲ್ಲರಿಗೂ ಇಬ್ಬರು ಇರ್ತಾರೆ. ಮುಂದೆ."

ಕಡತಣ್ಣ ಮೂರನೇ ಹಾಳೆಯನ್ನು ತೆಗೆದ. ನೋಡಿದ. ಕಡತವನ್ನು ಮೆಲ್ಲಗೆ ಮುಚ್ಚಿದ. "ಇಲ್ಲಿಂದ ಮುಂದೆ ಅಕ್ಷರ ಸ್ವಲ್ಪ ಮಾಸಿದೆ ಮೇಡಂ."

"ಕೊಡಿ, ನನ್ನ ಕನ್ನಡಕ ಹೊಸದು."

ಕೋಣೆಯಲ್ಲಿ ನೂರಮೂವತ್ತು ಕಿವಿಗಳಿಗಿಂತ ಹೆಚ್ಚಿದ್ದವು, ಎಲ್ಲವೂ ನೆಟ್ಟಗಾದವು. ಅಧ್ಯಕ್ಷೆ ಮೂರನೇ ಚೀಟಿ ಓದಿದರು. ನಾಲ್ಕನೆಯದನ್ನೂ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಇನ್ನೊಮ್ಮೆ ಓದಿದರು.

"ಕುಲಪತಿಗಳೇ."

"ಮೇಡಂ."

"ನಾಲ್ಕು."

ಕುಲಪತಿಗಳು ಮುಂದಿನ ಕುರ್ಚಿಯ ಕಾಲನ್ನು ನೋಡತೊಡಗಿದರು. ಹೆಸರು ಹೇಳುವುದಕ್ಕೆ ಅವರ ವಂಶದಲ್ಲಿ ಇನ್ನೊಬ್ಬ ಅಜ್ಜಿಯೂ ಉಳಿದಿರಲಿಲ್ಲ. ಅಷ್ಟರಲ್ಲಿ ಕಪಾಟಿನ ಮೇಲಿಂದ ಉದ್ದನೆಯ ಹುಡುಗನ ದನಿ ಬಹಳ ಗೌರವದಿಂದ ಕೇಳಿತು. "ಸಾರ್, ಆ ಕಡತದ ಸಂಖ್ಯೆ ಎಷ್ಟು?"

ಆಗ ಅಧ್ಯಕ್ಷೆ ನಕ್ಕರು. ಮೊದಲು ಭುಜ ಅಲುಗಿತು, ಆಮೇಲೆ ಕನ್ನಡಕ ಜಾರಿತು, ಆಮೇಲೆ ಕುರ್ಚಿಯೇ ಕಿರುಗುಟ್ಟಿತು. ಅರವತ್ತಮೂರು ಜನ ಅಲ್ಲಿಯವರೆಗೆ ಹಿಡಿದಿಟ್ಟದ್ದನ್ನೆಲ್ಲ ಬಿಟ್ಟರು. ಅಳತೆ ಸಾಹೇಬರು ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕರು.

ನಗು ತೀರಿದ ಮೇಲೆ ಅಧ್ಯಕ್ಷೆ ಕಡತವನ್ನು ಕಡತಣ್ಣನ ಕೈಗೆ ಕೊಟ್ಟು ಹೇಳಿದರು. "ಮೂವತ್ತು ವಿಶ್ವವಿದ್ಯಾಲಯ ನೋಡಿದ್ದೀನಿ. ಎಲ್ಲಾ ಕಡೆ ಹಳೇ ದಾಖಲೆ ಕೇಳಿದ್ರೆ ಗೆದ್ದಲು ತಿಂತು, ನೀರು ಸೋರ್ತು, ಇಲಿ ಬಂತು ಅಂತಾರೆ. ಇಲ್ಲಿ ಕುಲಪತಿಗಳ ವಿರುದ್ಧದ ಕಾಗದವೂ ದಾರ ಕಟ್ಟಿಸಿಕೊಂಡು ಭದ್ರವಾಗಿದೆ. ಇವರು ಕೊಡೋ ಅಂಕಪಟ್ಟಿಯನ್ನ ನಾನು ನಂಬ್ತೀನಿ. ಬರ್ಕೊಳ್ಳಿ: ದಾಖಲೆ, ಅತ್ಯುತ್ತಮ."

ಸಮಿತಿ ಹೊರಟಿತು. ವಿದ್ಯಾರ್ಥಿಗಳು ಹೊರಟರು. ಕಡತಣ್ಣ ಕೋಟು ಬಿಚ್ಚಿ ಸ್ಟೂಲಿನ ಮೇಲೆ ಕುಳಿತ. ವಿಶ್ವವಿದ್ಯಾಲಯ ಉಳಿಯಿತು, ಸರಿ. ತಾನು? ಕುಲಪತಿಯ ಅಜ್ಜಿಯರನ್ನು ಅರವತ್ತಮೂರು ಜನರ ಮುಂದೆ ಎತ್ತಿ ಆಡಿದ ಗುಮಾಸ್ತನಿಗೆ ನಾಲ್ಕು ವರ್ಷ ಯಾರು ಕೊಡುತ್ತಾರೆ? ಅವನು ಡಬ್ಬಿ, ಛತ್ರಿ, ಕನ್ನಡಕದ ಗೂಡು ಎಲ್ಲ ಒಟ್ಟುಮಾಡಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಬಾಗಿಲು ತೆರೆಯಿತು. ಕುಲಪತಿಗಳು. ಒಬ್ಬರೇ. ಒಳಗೆ ಬಂದು ಬಾಗಿಲು ಹಾಕಿದರು.

"ಆ ಕಡತ ಕೊಡಿ."

ಕಡತಣ್ಣ ಕೊಟ್ಟ. ಕುಲಪತಿಗಳು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡಲು ತಿರುಗಿದರು. ಆಗ ಇಪ್ಪತ್ತಾರು ವರ್ಷದ ಅಭ್ಯಾಸವೊಂದು ಕಡತಣ್ಣನ ಭಯವನ್ನೂ ಮೀರಿ ಬಾಯಿಗೆ ಬಂತು.

"ಸಾರ್, ಕಡತ ಕೋಣೆಯಿಂದ ಹೊರಗೆ ಹೋಗಬೇಕು ಅಂದ್ರೆ ಪುಸ್ತಕದಲ್ಲಿ ಬರೀಬೇಕು," ಎಂದು ಒಂದು ದಪ್ಪ ಪುಸ್ತಕವನ್ನು ಮುಂದಕ್ಕೆ ತಳ್ಳಿದ. "ಇಲ್ಲಿ ಸಹಿ. ಇಲ್ಲಿ ತಾರೀಕು. ಇಲ್ಲಿ ಕಾರಣ."

ಕುಲಪತಿಗಳು ಅವನನ್ನೇ ನೋಡಿದರು. ಪೆನ್ನು ತೆಗೆದರು. ಸಹಿ ಹಾಕಿದರು, ತಾರೀಕು ಹಾಕಿದರು. ಕಾರಣದ ಜಾಗಕ್ಕೆ ಬಂದು ಪೆನ್ನು ನಿಂತಿತು. ಹದಿನೆಂಟನೆಯ ವಯಸ್ಸಿನಲ್ಲಿ ಕಾರಣ ಬರೆಯುವುದಕ್ಕೆ ಒಂದು ಕ್ಷಣವೂ ತಡವರಿಸದಿದ್ದ ಆ ಕೈ ಈಗ ಕಾಗದದ ಮೇಲೆ ಸುಮ್ಮನೆ ತೂಗಾಡುತ್ತಿತ್ತು.

ಕೊನೆಗೆ ಅವರು ಪೆನ್ನು ಮುಚ್ಚಿ ಕುರ್ಚಿಯಲ್ಲಿ ಕುಳಿತರು. ಕಡತ ಬಿಚ್ಚಿ, ನಾಲ್ಕೂ ಚೀಟಿಗಳನ್ನು ಒಂದೊಂದಾಗಿ ನೋಡಿದರು.

"ಅಕ್ಷರ ಆಗ ಚೆನ್ನಾಗಿತ್ತು, ಅಲ್ವಾ?"

"ಮುತ್ತಿನಂಗಿದೆ ಸಾರ್."

"ಈ ನಾಲ್ಕೂ ಸಲ ಅಜ್ಜಿ ಮನೇಲೇ ಇದ್ದಳು. ಗಟ್ಟಿಮುಟ್ಟಾಗಿ. ನಾನು ಊರು ಸುತ್ತೋಕೆ ಹೋಗಿದ್ದೆ. ಕೊನೇ ವರ್ಷ ಅವಳು ನಿಜವಾಗ್ಲೂ ಹೋದಳು. ಅವತ್ತು ನಾನು ರಜೆ ಕೇಳ್ಲಿಲ್ಲ. ಯಾವ ಬಾಯಲ್ಲಿ ಕೇಳೋದು? ಬೆಳಿಗ್ಗೆಯಿಂದ ಸಂಜೆವರೆಗೂ ತರಗತೀಲೇ ಕೂತಿದ್ದೆ."

ಹೊರಗೆ ಯಾರೋ ಸೈಕಲ್ಲಿನ ಬೀಗ ತೆಗೆಯುತ್ತಿದ್ದರು.

"ಇದು ಇಲ್ಲೇ ಇರಲಿ," ಎಂದರು ಕುಲಪತಿಗಳು. "ಅವಳ ವಿಷಯ ಬರೆದಿರೋ ಕಾಗದ ಅಂತ ಇರೋದು ಇದೊಂದೇ."

ಕಡತಣ್ಣ ದಾರ ಕಟ್ಟಿದ. ಕಟ್ಟುತ್ತ ಕಟ್ಟುತ್ತ ಅವನ ಬಾಯಿಯೂ ಬಿಚ್ಚಿಕೊಂಡಿತು. "ಸಾರ್, ಕೋಪ ಮಾಡ್ಕೋಬೇಡಿ. ಈ ಪಾಠ ಅನ್ನೋದೇ ಸುಳ್ಳು. ಕೋಣೆ ಖಾಲಿ ಮಾಡಿಸ್ತಾರೆ, ಕೆಲಸ ಹೋಗುತ್ತೆ ಅಂತ ಹೆದರಿಕೊಂಡು ನಾನೇ ಹುಟ್ಟಿಸಿದ್ದು."

ಕುಲಪತಿಗಳು ತಲೆಯೆತ್ತಿದರು. "ನನ್ನ ಮೂರನೇ ಅಜ್ಜಿಗಿಂತ ದೊಡ್ಡ ಸುಳ್ಳಾ?"

"ಅಷ್ಟಿಲ್ಲ ಸಾರ್."

"ಹಾಗಾದ್ರೆ ಬಿಡಿ." ಅವರು ಎದ್ದರು. "ಅರವತ್ತಮೂರು ಜನ ಈ ಕಪಾಟು ಮುಟ್ಟೋದು ಇವತ್ತಿಗೆ ಮುಗೀಬೇಕು. ಪಾಠ ಬಂದ್. ಹುಡು‌ಗರಿಗೆಲ್ಲ ಪಾಸ್ ಅಂತ ಬರೆದುಬಿಡಿ. ಕೋಣೆ ಹೀಗೇ ಇರುತ್ತೆ. ಬೀಗದ ಕೈ ನಿಮ್ಮ ಹತ್ರ, ನಿವೃತ್ತಿ ಆಗೋವರೆಗೂ. ನಾಳೆ ಆದೇಶ ಬರುತ್ತೆ."

ಕಡತಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇನ್ನು ಯಾರೂ ತನ್ನನ್ನು ಮಾತಾಡು ಎನ್ನುವುದಿಲ್ಲ! ಅವನ ಕಣ್ಣಿಂದ ದಳದಳ ನೀರು ಇಳಿಯಿತು. ಕುಲಪತಿಗಳು ಕರಗಿಹೋದರು.

"ಛೆ, ಛೆ, ಬೇಜಾರು ಮಾಡ್ಕೋಬೇಡಿ. ಪಾಠದ ಮೇಲೆ ಇಷ್ಟು ಪ್ರೀತಿ ಇದೆ ಅಂತ ಗೊತ್ತಿರಲಿಲ್ಲ. ಬೇಕಾದ್ರೆ ಮುಂದಿನ ವರ್ಷ ಮತ್ತೆ ಶುರು..."

"ಬೇಡ ಸಾರ್!" ಎಂದು ಕಡತಣ್ಣ ಎರಡೂ ಕೈ ಮುಗಿದು ಕೂಗಿದ ಸದ್ದಿಗೆ ಸೈಕಲ್ ನಿಲ್ದಾಣದಲ್ಲಿದ್ದವರು ತಿರುಗಿ ನೋಡಿದರು.

ಕುಲಪತಿಗಳು ಹೊರಟುಹೋದ ಮೇಲೆ ಕಡತಣ್ಣ ಚೀಲದಿಂದ ಡಬ್ಬಿ, ಛತ್ರಿ, ಕನ್ನಡಕದ ಗೂಡನ್ನು ಹೊರಗೆ ತೆಗೆದು, ಅವುಗಳು ಇರುತ್ತಿದ್ದ ಜಾಗದಲ್ಲೇ ಇಟ್ಟ. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಡಬ್ಬಿ ಬಿಚ್ಚಿ, ದೇವರಿಗೆ ಒಂದು ನಮಸ್ಕಾರ ಹಾಕಿ, ಯಾರಿಗೂ ಏನನ್ನೂ ಕಲಿಸದೆ, ನಿಧಾನವಾಗಿ ಊಟ ಮಾಡಿದ.